ಅಬೊರಿಜಿನಲ್ ಜನರ ಭೂಮಿ ಹಕ್ಕಿನ ಬಗ್ಗೆ ಆಕರ ಒಟ್ಟು ಮಾಡುವುದು ಹೇಗೆ?

ಮೈಸೂರಿನಲ್ಲಿ ಎಲ್‌ಎಲ್‌ಎಂ ಮಾಡ್ತಿದ್ದೀರಿ, ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಅಬೊರಿಜಿನಲ್ ಜನರ ಭೂಮಿ ಹಕ್ಕಿನ ಮೇಲೆ ಪ್ರಬಂಧ ಬರೆಯಬೇಕು, ದುಡ್ಡು ಕಟ್ಟಿ ನೋಡುವ ಡೇಟಾಬೇಸ್ ಕಾಲೇಜಿನಲ್ಲಿ ಇಲ್ಲ ಅಂದಿದ್ದೀರಿ. ದುಡ್ಡಿನ ಚಿಂತೆ ಬಿಡಿ. ನಾನು ಇಂಥದ್ದೇ ಪಟ್ಟಿ ಮಾಡಿದಾಗ ಮುಕ್ಕಾಲು ಕೆಲಸ ಆಸ್ಟ್ರೇಲಿಯಾದ ತೀರ್ಪು, ಕಾಯ್ದೆಗಳೆಲ್ಲ ಸಿಗುವ ಆಸ್ಟ್‌ಲಿ (AustLII) ಅನ್ನುವ ತಾಣದಲ್ಲೇ ಮುಗಿಯಿತು. 1995ರಿಂದ ಇದೆ, ಪೂರ್ತಿ ಉಚಿತ.

ಮೊದಲು ಮಾಬೊ ತೀರ್ಪು ತೆರೆಯಿರಿ. ಆದರೆ ಹುಷಾರು, ಮಾಬೊ ಎರಡಿವೆ. ಆಸ್ಟ್ರೇಲಿಯಾದ ಉತ್ತರದ ಟಾರೆಸ್ ಜಲಸಂಧಿಯ ದ್ವೀಪದವರ ಹಕ್ಕನ್ನೇ ಅಳಿಸಲು ಕ್ವೀನ್ಸ್‌ಲ್ಯಾಂಡ್ ರಾಜ್ಯ ತಂದಿದ್ದ ಕಾಯ್ದೆ ನಿಲ್ಲುವುದಿಲ್ಲ ಅಂದದ್ದು 1988ರದ್ದು. ಬ್ರಿಟಿಷರು ಬಂದಾಗ ಆಸ್ಟ್ರೇಲಿಯಾ ಯಾರಿಗೂ ಸೇರದ ನೆಲ ಅನ್ನುವ ವಾದವನ್ನು ಹೈಕೋರ್ಟ್ (ಅಲ್ಲಿ ಅದೇ ಅತ್ಯುನ್ನತ ಕೋರ್ಟು) ತಳ್ಳಿಹಾಕಿದ್ದು 1992ರ ಜೂನ್ 3ರಂದು. ನಾನು ಎರಡನ್ನೂ ಒಂದೇ ಸಾಲಿಗೆ ಸೇರಿಸಿ ಚೆನ್ನಾಗಿ ಬೈಸಿಕೊಂಡಿದ್ದೆ. ಇನ್ನೊಂದು, ಕೇಸು ಹೂಡಿದ ಎಡ್ಡಿ ಮಾಬೊ ಅಬೊರಿಜಿನಲ್ ಅಲ್ಲ, ಟಾರೆಸ್ ಜಲಸಂಧಿಯ ಮರ್ರೆ ದ್ವೀಪದವರು. ಆ ಜನ ಬೇರೆ. ನಿಮ್ಮ ಶೀರ್ಷಿಕೆಯಲ್ಲಿ ಎರಡೂ ಸಮುದಾಯಗಳ ಹೆಸರಿರಲಿ.

ಅಲ್ಲಿಂದ ಮುಂದಕ್ಕೆ ಹೋದರೆ 1993ರ ನೇಟಿವ್ ಟೈಟಲ್ (ಮೂಲನಿವಾಸಿಗಳ ಭೂಮಿ ಹಕ್ಕು) ಕಾಯ್ದೆ, ದನಕುರಿ ಮೇಯಿಸಲು ಗುತ್ತಿಗೆ ಕೊಟ್ಟ ನೆಲದಲ್ಲೂ ಆ ಹಕ್ಕು ಉಳಿಯಬಹುದು ಅಂದ 1996ರ ವಿಕ್ ತೀರ್ಪು. ಮಾಬೊವನ್ನು ಆಮೇಲೆ ಯಾವ್ಯಾವ ಕೇಸಿನಲ್ಲಿ ಎತ್ತಿದ್ದಾರೆ ಅನ್ನುವುದನ್ನು ಅದೇ ತಾಣದ ಲಾಸೈಟ್ (LawCite) ತೋರಿಸುತ್ತದೆ. ಸುಮ್ನೆ ಗೂಗಲ್ ಮಾಡ್ತಾ ಕೂರಬೇಡಿ.

ಹಿಂದಕ್ಕೆ ಹೋಗುವಾಗ ಪದ ಬದಲಿಸಬೇಕು. 'ನೇಟಿವ್ ಟೈಟಲ್' ಅಂತ ಹಾಕಿದರೆ ಹಳೆಯದು ಎಷ್ಟೋ ಕೈತಪ್ಪುತ್ತದೆ. 'ಲ್ಯಾಂಡ್ ರೈಟ್ಸ್' ಹಾಕಿ, 'ಅಬೊರಿಜಿನೀಸ್' ಕೂಡ ಹಾಕಿ. ಈ ಕೊನೆಯ ಪದ ಇವತ್ತು ಅವರಿಗೆ ನೋವು ಕೊಡುವಂಥದ್ದು. ಹುಡುಕುವ ಪೆಟ್ಟಿಗೆಯಲ್ಲಷ್ಟೇ ಇರಲಿ, ನಿಮ್ಮ ಬರಹದಲ್ಲಿ ಬೇಡ. ಅವರ ಸಾಂಪ್ರದಾಯಿಕ ಕಾನೂನಿನ ಮೇಲೆ ಆಸ್ಟ್ರೇಲಿಯಾದ ಕಾನೂನು ಸುಧಾರಣಾ ಆಯೋಗ 1986ರಲ್ಲಿ ಕೊಟ್ಟ 31ನೇ ವರದಿಯನ್ನೂ ಇಳಿಸಿಕೊಳ್ಳಿ. ದಪ್ಪ ಇದೆ, ಪರಿವಿಡಿ ನೋಡಿ ಬೇಕಾದ್ದು ಓದಿದರೆ ಸಾಕು.

ತೀರ್ಪುಗಳನ್ನಷ್ಟೇ ಗುಡ್ಡೆ ಹಾಕಿದರೆ ಬರೀ ಜಡ್ಜುಗಳ ಮಾತೇ ಕೇಳಿಸುತ್ತದೆ, ಅಲ್ವಾ? ಹಾಗಾಗಿ ಉತ್ತರ ಆಸ್ಟ್ರೇಲಿಯಾದ ಯಿರ್ಕಲಾ ಊರಿನ 1963ರ ಅರ್ಜಿಗಳನ್ನು ನೋಡಿ. ಬಾಕ್ಸೈಟ್ ಗಣಿಗೆ ತಮ್ಮ ನೆಲ ಕೊಡಬೇಡಿ ಅಂತ ಅಲ್ಲಿನ ಅಬೊರಿಜಿನಲ್ ಸಮುದಾಯವಾದ ಯೊಲ್ಙು ಜನ ಸಂಸತ್ತಿಗೆ ಕಳಿಸಿದ್ದು. ತಮ್ಮ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಟೈಪ್ ಮಾಡಿದ ಹಾಳೆ, ಅದನ್ನು ಮರದ ತೊಗಟೆಗೆ ಅಂಟಿಸಿ ಸುತ್ತ ತಮ್ಮ ಕುಲದ ಚಿತ್ರ ಬರೆದಿದ್ದಾರೆ. ಆ ಚಿತ್ರವೇ ಅವರ ಹಕ್ಕುಪತ್ರ ಇದ್ದ ಹಾಗೆ. ಅದೇ ಗಣಿಯ ಕೇಸಿನಲ್ಲಿ 1971ರಲ್ಲಿ ಅವರು ಕೋರ್ಟಿನಲ್ಲಿ ಸೋತರು. ನನ್ನ ಪಟ್ಟಿಯಲ್ಲಿ ಆ ತೀರ್ಪಿಗಿಂತ ಮೇಲೆ ಈ ತೊಗಟೆ ಇದೆ.