ಗೂಡಿಗೆ ಹೊಸ ಗಿನಿಪಿಗ್ ಬಂದಾಗ

ಪ್ರಶ್ನೆ: ನಮ್ಮಲ್ಲಿ ಎರಡು ವರ್ಷದ ಗಂಡು ಗಿನಿಪಿಗ್ ಇದೆ. ಅದಕ್ಕೆ ಜೊತೆಯಾಗಲೆಂದು ಎರಡು ತಿಂಗಳ ಇನ್ನೊಂದನ್ನು ತಂದು ಅದೇ ಗೂಡಿಗೆ ಬಿಟ್ಟೆವು. ಹಳೆಯದು ಗುರುಗುಟ್ಟುತ್ತ ಅಟ್ಟಾಡಿಸಿತು. ಹೆದರಿ ಹತ್ತೇ ನಿಮಿಷದಲ್ಲಿ ಬೇರೆ ಮಾಡಿದೆವು. ಹೊಸದೂ ಗಂಡೇ ಎಂದಿದ್ದಾರೆ ಅಂಗಡಿಯವರು. ಎರಡನ್ನೂ ಒಟ್ಟಿಗೆ ಸಾಕಬಹುದೇ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಸಾಕಬಹುದು. ಆದರೆ ಗಂಡೋ ಹೆಣ್ಣೋ ಎಂಬುದನ್ನು ಅಂಗಡಿಯವರ ಬಾಯಿಮಾತಿಗೆ ಬಿಡಬೇಡಿ, ಅಲ್ಲಿ ತಪ್ಪುವುದೇ ಹೆಚ್ಚು. ಜನನಾಂಗದ ತುಸು ಮೇಲೆ, ಹೊಟ್ಟೆಯ ಕಡೆಗೆ, ಬೆರಳಿಂದ ಮೆಲ್ಲಗೆ ಒತ್ತಿ ನೋಡಿ. ಗಂಡಾದರೆ ಶಿಶ್ನ ಹೊರಗೆ ಕಾಣುತ್ತದೆ, ಹೆಣ್ಣಾದರೆ ‘ವೈ’ ಆಕಾರದ ಸೀಳು ಮಾತ್ರ. ಹೆಣ್ಣು ಮರಿ ಎರಡು ತಿಂಗಳೊಳಗೇ ಗಬ್ಬವಾಗಬಲ್ಲುದು. ಗಬ್ಬದ ಅವಧಿ 59ರಿಂದ 72 ದಿನ. ಹೆಣ್ಣೆಂದು ಗೊತ್ತಾದರೆ ಆ ಹತ್ತು ನಿಮಿಷವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅಷ್ಟು ದಿನ ಹೊಟ್ಟೆಯ ಮೇಲೆ ಕಣ್ಣಿಡಿ. ಗಂಡಿಗೆ ಸಂತಾನಹರಣ ಮಾಡಿಸಿದರೂ 6 ವಾರ ಕಳೆಯದೆ ಸೇರಿಸುವಂತಿಲ್ಲ.

ಗಂಡೇ ಆಗಿದ್ದರೆ ಹೊಸದನ್ನು ಎರಡು-ಮೂರು ವಾರ ಬೇರೆ ಕೋಣೆಯಲ್ಲಿಡಿ. ಕಜ್ಜಿ, ಹುಳುಕಡ್ಡಿ, ಸೀನು ಇದ್ದರೆ ಅಷ್ಟರಲ್ಲಿ ತೋರಿಬರುತ್ತದೆ. ಕರಾವಳಿಯ ಮಳೆಗಾಲದಲ್ಲಂತೂ ಚರ್ಮದ ಶಿಲೀಂಧ್ರ ಸುಲಭಕ್ಕೆ ಬಿಟ್ಟುಹೋಗದು. ಮೊದಲು ಹಳೆಯದಕ್ಕೆ ಮೇವು ಹಾಕಿ, ಆಮೇಲೆ ಹೊಸದಕ್ಕೆ. ಕೊನೆಗೆ ಕೈ ತೊಳೆಯಿರಿ.

ಸೇರಿಸುವ ದಿನ ಹಳೆಯದರ ಗೂಡು ಬೇಡವೇ ಬೇಡ. ನೀವು ಎಡವಿದ್ದೂ ಅಲ್ಲೇ: ಅದು ತನ್ನ ಜಾಗ ಕಾಯುತ್ತಿತ್ತು. ಎರಡಕ್ಕೂ ಹೊಸದಾದ ಕೋಣೆಯ ನೆಲದಲ್ಲಿ ನಾಲ್ಕಡಿಗೆ ಐದಡಿ ಜಾಗ ಸುತ್ತುಗಟ್ಟಿ. ಕಾವಿ ನೆಲವಾದರೆ ಕಾಲು ಜಾರುತ್ತದೆ, ಹಳೆ ಬೆಡ್‌ಶೀಟ್ ಹಾಸಿ. ನಡುವೆ ಒಣಹುಲ್ಲಿನ ದೊಡ್ಡ ರಾಶಿ ಇರಲಿ. ಅವಿತುಕೊಳ್ಳಲು ರಟ್ಟಿನ ಪೆಟ್ಟಿಗೆ ಇಡುವುದಾದರೆ ಎರಡು ಬಾಗಿಲು ಕೊರೆಯಿರಿ. ಒಂದೇ ಬಾಗಿಲಿದ್ದರೆ ಚಿಕ್ಕದು ಒಳಗೆ ಸಿಕ್ಕಿಬೀಳುತ್ತದೆ, ಕಡಿತ ಬೀಳುವುದು ಅಂಥಲ್ಲಿ. ಬೆಳಗ್ಗೆಯೇ ಶುರುಮಾಡಿ. ಮಧ್ಯಾಹ್ನದ ಸೆಕೆಯಲ್ಲಿ ಅಟ್ಟಾಟ ನಡೆದರೆ ಉಷ್ಣಾಘಾತವಾದೀತು.

ಇನ್ನು, ನೋಡಿ ಹೆದರಬೇಡಿ. ಗುರುಗುಟ್ಟುತ್ತ ಸೊಂಟ ಬಳುಕಿಸುವುದು, ಹಿಂಭಾಗ ಮೂಸುವುದು, ಬೆನ್ನಟ್ಟುವುದು, ಮೇಲೇರುವುದು – ಇವೆಲ್ಲ ಯಾರು ದೊಡ್ಡವರು ಎಂಬ ಇತ್ಯರ್ಥ. ನಡುವೆ ಬೇರ್ಪಡಿಸಿದರೆ ಮುಂದಿನ ಸಲ ಮತ್ತೆ ಮೊದಲಿನಿಂದ. ಆದರೆ ಹಲ್ಲು ಕಟಕಟ ನಿಲ್ಲದೆ, ಮೈಗೂದಲು ನಿಗುರಿ, ಎರಡೂ ಎದುರುಬದುರಾಗಿ ತಲೆಯೆತ್ತಿದವೋ, ಜಗಳ ಹೊತ್ತಿತೆಂದೇ ತಿಳಿಯಿರಿ. ಕೂಡಲೇ ಮೇಲೊಂದು ಬೈರಾಸು ಹಾಕಿ ನಡುವೆ ಮೊರ ತೂರಿಸಿ. ಕೈ ಹಾಕಿದರೆ ನಿಮ್ಮ ಬೆರಳಿಗೇ ಆಳವಾಗಿ ಹಲ್ಲು ನಾಟುತ್ತದೆ. ರಕ್ತ ಬಂದರೆ ಅಲ್ಲಿಗೇ ಮುಗಿಸಿ, ಮತ್ತೆ ಸೇರಿಸಬೇಡಿ.

ಎರಡು-ಮೂರು ಗಂಟೆ ಕೂತು ನೋಡಿ. ಅಕ್ಕಪಕ್ಕ ಹುಲ್ಲು ಮೆಲ್ಲತೊಡಗಿದರೆ, ಕಾಲು ಚಾಚಿ ಮಲಗಿದರೆ, ವಿನೆಗರ್ ನೀರಿನಿಂದ ಉಜ್ಜಿ ವಾಸನೆ ತೆಗೆದ ಗೂಡಿಗೆ ಎರಡನ್ನೂ ಒಟ್ಟಿಗೇ ಬಿಡಿ. ಎರಡು ಗಂಡುಗಳಿಗೆ 10 ಚದರ ಅಡಿಗೆ ಕಡಿಮೆ ಬೇಡ. ನೀರಿನ ಬಾಟಲಿ, ತಟ್ಟೆ, ಗುಡಿಸಲು ಎಲ್ಲವೂ ಎರಡೆರಡು. ಮರಿ ಪ್ರಾಯಕ್ಕೆ ಬರುವ ಮೂರು-ನಾಲ್ಕನೇ ತಿಂಗಳಲ್ಲಿ ಹಳೆ ತಕರಾರು ಮತ್ತೆ ಏಳಬಹುದು. ಆ ಅವಧಿಯಲ್ಲಿ ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಒಂದರ ತೂಕ ಮಾತ್ರ ಇಳಿಯುತ್ತಿದ್ದರೆ ಇನ್ನೊಂದು ಮೇವಿಗೆ ಅಡ್ಡ ನಿಲ್ಲುತ್ತಿದೆಯೋ ನೋಡಿ. ಅಲ್ಲವಾದರೆ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ತಿಂಗಳಿಂದ ಚೆನ್ನಾಗಿದ್ದ ಎರಡು ಗಂಡುಗಳು ನಿನ್ನೆ ಕಚ್ಚಾಡಿ ಒಂದರ ಬೆನ್ನಿಗೆ ಗಾಯವಾಗಿದೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಸಿರಪ್ ಕೊಡಬಹುದೇ?
– ಓದುಗರು, ಉಡುಪಿ

ಉತ್ತರ: ಖಂಡಿತ ಕೊಡಬೇಡಿ. ಪೆನಿಸಿಲಿನ್ ಜಾತಿಯ ಔಷಧ ಬಾಯಿಗೆ ಹಾಕಿದರೆ ಗಿನಿಪಿಗ್‌ನ ಕರುಳಿಗೆ ಬೇಕಾದ ಸೂಕ್ಷ್ಮಜೀವಿಗಳೇ ಸತ್ತು ಪ್ರಾಣಕ್ಕೆ ಕುತ್ತಾಗುತ್ತದೆ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಕದಡಿ ಗಾಯ ತೊಳೆಯಿರಿ, ಇವತ್ತೇ ಪಶುವೈದ್ಯರಿಗೆ ತೋರಿಸಿ. ಕಡಿತ ಮೇಲೆ ಮುಚ್ಚಿಕೊಂಡರೂ ಒಳಗೆ ಕೀವು ಕಟ್ಟುವುದುಂಟು, ಕೆಲ ದಿನ ಸವರಿ ನೋಡುತ್ತಿರಿ. ಅರ್ಧ ದಿನ ಮೇವು ಮುಟ್ಟದಿದ್ದರೆ ಕಾಯಬೇಡಿ. ರಕ್ತ ಬರುವಷ್ಟು ಕಾದಾಡಿದ ಗಂಡುಗಳನ್ನು ಮತ್ತೆ ಕೂಡಿಸುವ ಹಟ ಬೇಡ. ಒಂದೇ ಗೂಡಿಗೆ ಅಡ್ಡಜಾಲರಿ ಹಾಕಿ, ಮೂತಿ ತೂರದಷ್ಟು ಕಿರುಗಣ್ಣಿನದು.