ಹಳೆಯ ಕಾರಿನ ಎಸಿ: ಕಂಪ್ರೆಸರ್ ಬದಲಿಸುವ ಮುನ್ನ ಸೋರಿಕೆ ಹುಡುಕಿಸಿ

ಪ್ರಶ್ನೆ: ಕಳೆದ ವರ್ಷ 2012ರ ಮಾದರಿಯ ಪೆಟ್ರೋಲ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಯುಗಾದಿಗೆ ಮುಂಚೆ ಎಸಿ ಗ್ಯಾಸ್ ತುಂಬಿಸಿದ್ದೆ. ಎರಡೇ ತಿಂಗಳಿಗೆ ತಣ್ಣನೆಯ ಗಾಳಿ ನಿಂತುಹೋಯಿತು. ಕಂಪ್ರೆಸರ್ ಓಡುತ್ತಲೇ ಇಲ್ಲ, ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಬದಲಿಸಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಸದ್ಯಕ್ಕೆ ಬೇಡ. ಎಸಿ ಗ್ಯಾಸ್ ಪೆಟ್ರೋಲಿನಂತೆ ಓಡಿಸಿದಷ್ಟೂ ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ. ಎರಡು ತಿಂಗಳಲ್ಲಿ ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಗ್ಯಾಸಿನ ಒತ್ತಡ ತೀರಾ ಇಳಿದಾಗ ಪ್ರೆಶರ್ ಸ್ವಿಚ್ ಕಂಪ್ರೆಸರ್‌ಗೆ ಹೋಗುವ ವಿದ್ಯುತ್ತನ್ನು ತಡೆಯುತ್ತದೆ. ಗ್ಯಾಸಿನೊಂದಿಗೇ ಹರಿಯುವ ಎಣ್ಣೆ ತಲುಪದೆ ಕಂಪ್ರೆಸರ್ ಸವೆಯಬಾರದೆಂಬ ಉದ್ದೇಶದಿಂದಲೇ ಈ ಏರ್ಪಾಡು ಇರುವುದರಿಂದ, ಓಡುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಕೆಟ್ಟಿದೆ ಎನ್ನಲಾಗದು.

ಮೊದಲು ಎಂಜಿನ್ ತಣ್ಣಗಿರುವಾಗ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿಸಿ. ನಿಮ್ಮ ಕಾರಿನಲ್ಲಿರುವುದು ಬಹುತೇಕ ಆರ್-134ಎ ಗ್ಯಾಸ್. 30ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ನಿಂತ ಕಾರಿನ ಎರಡೂ ಗೇಜುಗಳು ಸುಮಾರು 95ರಿಂದ 115 ಪಿಎಸ್‌ಐ ತೋರಿಸಬೇಕು. ಒತ್ತಡ ಸರಿಯಿದ್ದೂ ಕಂಪ್ರೆಸರ್‌ನ ಕ್ಲಚ್ (ಅದನ್ನು ಎಂಜಿನ್ನಿನಿಂದ ತಿರುಗುವ ಪುಲ್ಲಿಗೆ ಜೋಡಿಸುವ ಭಾಗ) ಹಿಡಿಯದಿದ್ದರೆ ಫ್ಯೂಸ್, ರಿಲೇ ಮತ್ತು ವೈರಿಂಗ್ ನೋಡಿಸಿ. ಒತ್ತಡ ತೀರಾ ಕಡಿಮೆ ಇದ್ದರೆ ಸೋರಿಕೆ ಹುಡುಕಬೇಕು.

ಸೋರುವ ಜಾಗದಲ್ಲಿ ಗ್ಯಾಸಿನೊಂದಿಗೆ ಎಣ್ಣೆಯೂ ಹೊರಬರುತ್ತದೆ. ಬಾನೆಟ್ ತೆರೆದು ಪೈಪಿನ ಜೋಡಣೆಗಳನ್ನೂ ರೇಡಿಯೇಟರ್ ಮುಂದಿದ್ದು ಗ್ಯಾಸಿನ ಶಾಖವನ್ನು ಹೊರಹಾಕುವ ಕಂಡೆನ್ಸರ್‌ನ ಕೆಳಮೂಲೆಗಳನ್ನೂ ನೋಡಿದರೆ, ಕಪ್ಪು ಧೂಳು ಜಿಡ್ಡಾಗಿ ಅಂಟಿಕೊಂಡಿರುವುದು ಹಲವು ಬಾರಿ ಕಣ್ಣಿಗೇ ಕಾಣುತ್ತದೆ. ಕಾಣದಿದ್ದರೆ ನೈಟ್ರೋಜನ್ ತುಂಬಿಸಿ, ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವುದೇ ಎಂದು ಪರೀಕ್ಷಿಸಬೇಕು. ಗ್ಯಾಸ್ ತುಂಬುವ ಬಾಯಿಯ ಪಿನ್ ವಾಲ್ವ್ ಮತ್ತು ರಬ್ಬರಿನ ಓ-ರಿಂಗುಗಳನ್ನು ಮರೆಯಬೇಡಿ: ಅಗ್ಗದ ಈ ಭಾಗಗಳೇ ಹಳೆಯ ಕಾರುಗಳಲ್ಲಿ ದುಬಾರಿ ಬಿಲ್ಲಿಗೆ ಕಾರಣವಾಗುವುದುಂಟು. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಸೋರುತ್ತಿದ್ದರೆ ಮಾತ್ರ ಕೆಲಸ ದೊಡ್ಡದು; ಅನೇಕ ಮಾದರಿಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ.

ಸೋರಿಕೆ ಮುಚ್ಚಿದ ಮೇಲೆ ತೇವ ಹೀರುವ ಡ್ರೈಯರ್ ಬದಲಿಸಿ, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಮಾಡಿಸಿ, ಅಂದರೆ ಕೊಳವೆಗಳೊಳಗಿನ ಗಾಳಿ ಮತ್ತು ತೇವವನ್ನು ಪಂಪಿನಿಂದ ಹೊರಗೆಳೆಸಿ. ಪಂಪ್ ನಿಲ್ಲಿಸಿದ ನಂತರವೂ ಗೇಜಿನ ಮುಳ್ಳು ಏರದೆ ನಿಲ್ಲಬೇಕು. ಗ್ಯಾಸನ್ನು ಅಂದಾಜಿನಲ್ಲಲ್ಲ, ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ನಮೂದಿಸಿದ ಗ್ರಾಂ ಲೆಕ್ಕದಲ್ಲಿ ತೂಗಿಯೇ ತುಂಬಿಸಬೇಕು. ಹೆಚ್ಚಾದರೂ ತಂಪು ಕುಗ್ಗುತ್ತದೆ. ಅಗ್ಗವೆಂದು ಎಲ್‌ಪಿಜಿ ಬೆರೆತ ಗ್ಯಾಸ್ ಹಾಕಿಸಿಕೊಳ್ಳಬೇಡಿ, ಅದು ಹೊತ್ತಿಕೊಳ್ಳುವ ವಸ್ತು.

ಕಂಪ್ರೆಸರ್ ನಿಜವಾಗಿಯೂ ಕೆಟ್ಟಿದ್ದರೆ ಬೇರೆ ಗುರುತುಗಳಿರುತ್ತವೆ. ಎಸಿ ಹಾಕಿದಾಗ ಒಳಗಿನಿಂದ ಕಟಕಟ ಸದ್ದು, ತೆಗೆದ ಎಣ್ಣೆಯಲ್ಲಿ ಲೋಹದ ಪುಡಿ ಇವು ಮುಖ್ಯವಾದವು. ಪುಡಿ ಕಂಡರೆ ಕಂಡೆನ್ಸರ್ ಕೂಡ ಹೊಸದೇ ಬೇಕು, ಏಕೆಂದರೆ ಅದರ ಕೂದಲೆಳೆಯಂಥ ನಾಳಗಳನ್ನು ಪೂರ್ತಿ ತೊಳೆಯಲಾಗದು. ಎಸಿ ಆಫ್ ಇದ್ದಾಗಲೂ ಗರಗರ ಎನ್ನುತ್ತಿದ್ದರೆ ಅದು ಸಾಮಾನ್ಯವಾಗಿ ಪುಲ್ಲಿಯ ಬೇರಿಂಗ್; ಅನೇಕ ಕಾರುಗಳಲ್ಲಿ ಅದೊಂದನ್ನೇ ಬದಲಿಸಬಹುದು.

ಇಷ್ಟೆಲ್ಲ ಆದ ಮೇಲೂ ಹೈವೇಯಲ್ಲಿ ತಣ್ಣಗಿದ್ದು ಸಿಗ್ನಲ್ಲಿನಲ್ಲಿ ಬಿಸಿಗಾಳಿ ಬಂದರೆ ಮತ್ತೆ ಗ್ಯಾಸ್ ತುಂಬಿಸಲು ಒಪ್ಪಬೇಡಿ. ಕಂಡೆನ್ಸರ್ ಫ್ಯಾನ್ ತಿರುಗುತ್ತಿದೆಯೇ ಎಂದು ಮೊದಲು ನೋಡಿ.