ಐಟಿಐ ಸೇರಿದರೆ ಹುಡುಗ ಹಾಳಾಗುತ್ತಾನಾ?

ಮದ್ದೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ಮಗ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಲ್ಲಿ ಪಾಸಾಗಿದ್ದಾನೆ. ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗ್ತೀನಿ ಅಂತ ಹಟ. ಸೈನ್ಸ್ ತಗೊಂಡು ಇಂಜಿನಿಯರ್ ಆಗಲಿ ಅಂತ ನಮ್ಮಾಸೆ. ಚೆನ್ನಾಗಿ ಓದೋ ಹುಡುಗನ್ನ ಹಾಳು ಮಾಡ್ತೀರಾ ಅಂತ ನೆಂಟರು ಬೈತಾರೆ. ನೀವೇನಂತೀರಿ?

ನಮಸ್ಕಾರ. ನಿಮ್ಮ ಆಸೆ ತಪ್ಪಲ್ಲ. ಬಿಸಿಲಲ್ಲಿ ದುಡಿದವರಿಗೆ ಮಗನಾದರೂ ನೆರಳಲ್ಲಿ ಕೂರಲಿ ಅನ್ನಿಸುತ್ತದೆ. ಆದರೆ ನೆಂಟರ ಮಾತನ್ನು ನಾನು ಒಪ್ಪುವುದಿಲ್ಲ. ಈ ಕೆಲಸಕ್ಕೆ ತಲೆ ಬೇಡ ಅಂತ ಅವರಿಗೆ ಯಾರು ಹೇಳಿದರು?

ನಿಮ್ಮ ಕಡೆ ಪಂಪ್‌ಸೆಟ್ ಮೋಟಾರ್ ಸುಡುವುದು ಹೊಸದೇನಲ್ಲ, ಅಲ್ವಾ? ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿಯಲ್ಲಿ ಒಮ್ಮೆ ನಿಂತು ನೋಡಿ. ಹಳೇ ಕಾಯಿಲ್ ಬಿಚ್ಚುವಾಗಲೇ ಎಷ್ಟು ಸುತ್ತು, ಯಾವ ಗೇಜಿನ (ದಪ್ಪದ) ತಂತಿ, ಯಾವ ಸ್ಲಾಟಿಂದ (ಕಾಯಿಲ್ ಕೂರುವ ಸಂದಿಯಿಂದ) ಯಾವ ಸ್ಲಾಟಿಗೆ ಹೋಗಿದೆ ಅಂತ ಬರೆದುಕೊಳ್ಳಬೇಕು, ಒಂದು ಲೆಕ್ಕ ತಪ್ಪಿದರೂ ಮೋಟಾರ್ ಸರಿಯಾಗಿ ಓಡುವುದಿಲ್ಲ. ಅದಕ್ಕಿಂತ ದೊಡ್ಡ ಕೆಲಸ, ಸುಟ್ಟಿದ್ದು ಯಾಕೆ ಅಂತ ಕಂಡುಹಿಡಿಯುವುದು. ಎಲ್ಲ ಕಾಯಿಲೂ ಒಂದೇ ಸಮ ಕಪ್ಪಾಗಿದ್ದರೆ ಲೋಡ್ ಜಾಸ್ತಿಯಾಗಿರಬಹುದು. ಕೆಲವು ಮಾತ್ರ ಕಪ್ಪಾಗಿ, ನಡುನಡುವೆ ಉಳಿದವು ಚೆನ್ನಾಗಿದ್ದರೆ ಮೋಟಾರಿಗೆ ಕರೆಂಟ್ ತರುವ ಮೂರು ಫೇಸಿನಲ್ಲಿ, ಅಂದರೆ ಮೂರು ಲೈನಿನಲ್ಲಿ, ಒಂದು ಹೋಗಿತ್ತು ಅನ್ನುವ ಅನುಮಾನ ಬರುತ್ತದೆ. ಓಡುತ್ತಿದ್ದ ಮೋಟಾರ್ ಆಗ ನಿಲ್ಲದೆ, ಇದ್ದ ಎರಡರಿಂದಲೇ ಜಾಸ್ತಿ ಕರೆಂಟ್ ಎಳೆದು ಕಾದು ಸುಡುತ್ತದೆ. ಸ್ಟಾರ್ಟರ್, ಫ್ಯೂಸು ನೋಡದೆ ಸುಮ್ನೆ ತಂತಿ ಸುತ್ತಿ ಕೊಟ್ಟರೆ ಅದು ಮತ್ತೆ ಅಂಗಡಿಗೆ ಬರುತ್ತದೆ. ಇದು ಓದಲ್ಲದೆ ಮತ್ತೇನು?

ನಿಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಯೋಜನೆ ಹಾಕಿದ ಇಂಜಿನಿಯರುಗಳ ಹೆಸರು ಉಳಿದಿದೆ. ಅಷ್ಟು ದೂರ ಕಂಬ ನೆಟ್ಟು ತಂತಿ ಎಳೆದವರ ಹೆಸರನ್ನು ಯಾರು ಬರೆದಿಟ್ಟರು? ನನಗೆ ಇದು ಬಹಳ ಬೇಜಾರಿನ ವಿಷಯ.

ಕಷ್ಟ ಇಲ್ಲ ಅಂತ ಹೇಳಲಾರೆ. ಶುರುವಿನಲ್ಲಿ ಸಂಬಳ ಕಮ್ಮಿ. ಎಷ್ಟೋ ಕಡೆ ಕಾಂಟ್ರಾಕ್ಟ್ ಕೆಲಸ, ಕೈಗೆ ಗ್ಲೌಸೂ ಕೊಡದೆ ಕಂಬ ಹತ್ತಿಸುವವರಿದ್ದಾರೆ. ವಕೀಲರ ಫೀಸನ್ನು ಮರುಮಾತಾಡದೆ ಕೊಡುವ ನಾವು ವೈರಿಂಗ್ ಮಾಡಿದವನ ಹತ್ತಿರ ನೂರು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಹೆಣ್ಣು ಕೊಡುವಾಗಲೂ ಇದೇ ಕಥೆ. ನಿಮ್ಮ ನೆಂಟರ ಹೆದರಿಕೆ ಹುಟ್ಟಿದ್ದು ಇಲ್ಲಿಂದಲೇ, ಅದನ್ನು ತಿದ್ದಬೇಕಾದವರು ನಾವೇ ಹೊರತು ನಿಮ್ಮ ಹುಡುಗ ಅಲ್ಲ.

ಇನ್ನು, ಐಟಿಐ ಸೇರಿದರೆ ಬಾಗಿಲು ಮುಚ್ಚಿತು ಅಂತಲೂ ಅಲ್ಲ. ಎಲೆಕ್ಟ್ರಿಷಿಯನ್ ಕೋರ್ಸ್ 2 ವರ್ಷ. ಅದು ಮುಗಿದ ಮೇಲೆ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಆದ ಮೇಲೆ ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರಲು ದಾರಿಯಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ತಗೊಂಡು ಕೆಲಸ ಕಲಿಯಬಹುದು, ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲೂ ಹಾಗೆ ಕಲಿತವರಿದ್ದಾರೆ. ಮುಂದೆ ಇಂಜಿನಿಯರ್ ಆಗಬೇಕು ಅಂತ ಅವನಿಗೇ ಅನ್ನಿಸಿದರೆ, ಮೋಟಾರ್ ಬಿಚ್ಚಿ ಜೋಡಿಸಿದ ಕೈಯಲ್ಲಿ ಓದುತ್ತಾನೆ.

ಅರ್ಜಿ ಹಾಕುವ ಮುಂಚೆ ಅಪ್ಪ ಮಗ ಇಬ್ಬರೂ ಹೋಗಿ ಆ ಐಟಿಐ ವರ್ಕ್‌ಶಾಪ್ ನೋಡಿ ಬನ್ನಿ. ಮೋಟಾರುಗಳು ಓಡುತ್ತವೆಯೋ ಧೂಳು ಹಿಡಿದಿವೆಯೋ, ಮೇಷ್ಟ್ರು ಕೈಗೆ ಕೊಟ್ಟು ಕಲಿಸುತ್ತಾರೋ ಬೋರ್ಡ್ ಮೇಲೆ ಬರೆಸಿ ಬಿಡುತ್ತಾರೋ, ಅಲ್ಲಿ ಓದುತ್ತಿರುವ ಹುಡುಗರನ್ನೇ ಕೇಳಿ. ಅದು ಸರಿಯಿಲ್ಲದಿದ್ದರೆ ಬೇರೆ ಐಟಿಐ ಹುಡುಕಿ. ಅವನ ಹಟವನ್ನು ಮಾತ್ರ ಮುರಿಯಬೇಡಿ.

— ಸಂಪಾದಕ